ಸೊಂಟದ ಅಳತೆ ಮತ್ತು ವೆಲ್ಡ್‌ಹೋವನ್ನಿನ ಮನೆ

ನನ್ನ ಸೊಂಟದ ಸುತ್ತಳತೆ ಎಂಬತ್ತೆಂಟು ಸೆಂಟಿಮೀಟರ್. ಜಪಾನಿನಲ್ಲಿ ಗಂಡಸಿಗೆ ಎಂಬತ್ತೈದು ಮುಟ್ಟಿದರೇ ಹೆಚ್ಚು. ಯುರೋಪಿನವರಿಗೆ ತೊಂಬತ್ತನಾಲ್ಕರವರೆಗೂ ಯಾರೂ ಏನೂ ಅನ್ನುವುದಿಲ್ಲ.

ಯೋಕೊಹಾಮಾದಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಕಚೇರಿಯವರೇ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಿ, ಶಾಲೆಯ ಮಕ್ಕಳಿಗೆ ಕೊಡುವಂತೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. ಕೊನೆಯ ವರ್ಷ ನನಗೆ ಸಿ ಬಂತು: ಸೊಂಟ ಹೆಚ್ಚು, ರಕ್ತದೊತ್ತಡ ತುಸು ಹೆಚ್ಚು, ಮರುಪರೀಕ್ಷೆ ಮಾಡಿಸಿ. ಅದನ್ನು ಮಾಡಿಸುವ ಮೊದಲೇ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ಗೆ ಬಂದುಬಿಟ್ಟೆ.

ಈ ವರ್ಷ ಮಾರ್ಚ್ ಮೂರರಂದು ಇಲ್ಲೊಂದು ಮನೆಗೆ ಸಹಿ ಹಾಕಿದೆವು. ಏಪ್ರಿಲ್ ಹದಿನಾಲ್ಕರೊಳಗೆ ಸಾಲ ಮಂಜೂರಾಗಬೇಕು. ಆಗದಿದ್ದರೆ ಅಷ್ಟರೊಳಗೆ ಮನೆ ಬೇಡವೆಂದು ಬಿಡಬಹುದು; ಸುಮ್ಮನಿದ್ದು ಗಡುವು ದಾಟಿದರೆ ಬೆಲೆಯ ಹತ್ತನೇ ಒಂದು ಭಾಗ ದಂಡ. ಬ್ಯಾಂಕು ಜೀವವಿಮೆ ಕೇಳಿತು. ವೈದ್ಯರು ಎಂದಾದರೂ ಹೆಚ್ಚಿನ ಪರೀಕ್ಷೆ ಸೂಚಿಸಿದ್ದರೇ ಎಂದು ವಿಮೆಯವರು ಕೇಳಿದ್ದರು. ಹೌದು ಎಂದು ತಾರೀಖಿನ ಸಮೇತ ಬರೆದೆ. ಆ ಮರುಪರೀಕ್ಷೆಯ ಫಲಿತಾಂಶ ಕಳುಹಿಸಿ ಎಂದರು.

ನಮ್ಮ ಬಡಾವಣೆಯ ವೈದ್ಯೆಯ ಬಳಿ ಹೋದೆ.

"ಏನು ತೊಂದರೆ?"

"ಏನೂ ಇಲ್ಲ. ಒಂದು ಪರೀಕ್ಷೆ ಮಾಡಿಸಬೇಕಿತ್ತು."

"ಮತ್ತೆ ಪರೀಕ್ಷೆ ಯಾಕೆ?"

ಜಪಾನಿನ ವರದಿ ತೋರಿಸಿದೆ. "ಇಲ್ಲಿ ನೀವು ತೆಳ್ಳಗಿನವರ ಲೆಕ್ಕ," ಎಂದು ನಕ್ಕರು. ಅದನ್ನೇ ಒಂದು ಸಾಲು ಬರೆದುಕೊಡಿ ಎಂದೆ. ತಮ್ಮದೇ ರೋಗಿಗೆ ಪ್ರಮಾಣಪತ್ರ ಕೊಡುವುದು ಇಲ್ಲಿಯ ಪದ್ಧತಿಯಲ್ಲವಂತೆ. ತೊಂದರೆಯಾದರೆ ಬನ್ನಿ ಎಂದು ಕೈಕುಲುಕಿದರು.

ವಿಮೆಯವರಿಗೆ ಫೋನ್ ಮಾಡಿದೆ. ಹಾಗಾದರೆ ತಮ್ಮ ವೈದ್ಯರೇ ನೋಡಬೇಕು, ಮೊದಲು ಸಿಗುವ ದಿನ ಏಪ್ರಿಲ್ ಇಪ್ಪತ್ತೆರಡು ಎಂದರು. ಗಡುವು ಮುಂದೂಡಿ ಎಂದು ಮನೆ ಮಾರುವವರನ್ನು ಬೇಡಿಕೊಂಡೆ. ಬೇರೆ ಗಿರಾಕಿ ಸಿದ್ಧವಿದ್ದಾರೆ ಎಂಬ ಉತ್ತರ ಬಂತು.

"ಅದನ್ನ್ಯಾಕೋ ಬರಿಯೋಕ್ ಹೋದೆ?" ಎಂದಳು ಹೆಂಡತಿ. ಅವಳಿಗೆ ಆರು ತಿಂಗಳು. ನಮ್ಮ ಬಾಡಿಗೆ ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ.

"ಕೇಳಿದ್ರಲ್ಲ ಕಣೇ."

"ಹೊಟ್ಟೆ ಬಂದಿರೋದು ನಂಗೆ. ಮನೆ ಹೋಗ್ತಿರೋದು ನಿನ್ನ ಹೊಟ್ಟೆಯಿಂದ!"

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

ಹದಿಮೂರನೇ ತಾರೀಖು ಬೆಳಗ್ಗೆ, ಮನೆ ಬೇಡವೆಂದು ಮೇಲ್ ಬರೆದು ಕಳುಹಿಸಿದೆ. ಅಂದು ಸಂಜೆ ನನ್ನ ಜೊತೆ ಪೇಟೆಯಿಂದ ಬಂದವಳು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಕಳಿಸ್ದ್ಯಾ?"

"ಹ್ಞೂಂ."

ಚೀಲವನ್ನು ನನ್ನ ಕಡೆ ಸರಿಸಿದಳು. "ನೀನು ಹೋಗು. ನಾನು ಒಂದ್ನಿಮಿಷ ಬಿಟ್ಟು ಬರ್ತೀನಿ."

ನಾನು ಹೋಗಲಿಲ್ಲ. ಪಕ್ಕದಲ್ಲಿ ಕೂರಲು ಮೆಟ್ಟಿಲಲ್ಲಿ ಜಾಗವಿರಲಿಲ್ಲ. ಚೀಲ ಹಿಡಿದು ಕೆಳಗಿನ ಮೆಟ್ಟಿಲಲ್ಲೇ ನಿಂತೆ.