ಕೃಷ್ಣನ ಕಿರೀಟ

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ.

ನಂಗಲಿಯಲ್ಲಿ ನಾನು ಹಾರ್ಮೋನಿಯಂ ನುಡಿಸಿ ಪೌರಾಣಿಕ ನಾಟಕ ಕಲಿಸುತ್ತಿದ್ದಾಗ ಕೃಷ್ಣನ ಪಾತ್ರಕ್ಕೆ ಒಬ್ಬನಿದ್ದ. ನಾನು ಎಷ್ಟು ಬೈದರೂ ನಕ್ಕು, “ಪೋನೀಂಡಿ ಮೇಷ್ಟ್ರೇ, ಹೋಗ್ಲಿ ಬಿಡಿ” ಎನ್ನುತ್ತಿದ್ದ.

ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ಕೋಲಾರಕ್ಕೆ ಅಲೆಯುತ್ತಿದ್ದ ವರ್ಷಗಳಲ್ಲಿ ಅವನ ದವಡೆ ಅಗಲವಾಯಿತು, ಹಲ್ಲುಗಳ ನಡುವೆ ಸಂದಿ ಬಿತ್ತು. ಒಂದು ಸಂಜೆ ತಾಲೀಮಿನಲ್ಲಿ ಕಿರೀಟ ತಲೆಗೆ ಇಳಿಯಲೇ ಇಲ್ಲ.

“ಮೂಳೆ ಬೆಳೀತಿದೆಯಂತೆ ಮೇಷ್ಟ್ರೇ, ಕಿಡ್ನಿಯಿಂದ” ಎಂದ.

ಕಿಡ್ನಿ ಕೆಟ್ಟರೆ ತಲೆಯ ಮೂಳೆ ಏಕೆ ಬೆಳೆಯಬೇಕು? ನನಗೆ ಈಗಲೂ ಅರ್ಥವಾಗಿಲ್ಲ. ಆಗ ಎಲ್ಲರೆದುರಿಗೇ ಅಂದುಬಿಟ್ಟೆ: “ಲೇ, ಇನ್ಮೇಲೆ ನೀನು ಘಟೋತ್ಕಚ ಕಣೋ. ನಿಂಗೆ ಬಣ್ಣಾನೂ ಬೇಕಾಗಿಲ್ಲ.”

ಎಲ್ಲರೂ ನಕ್ಕರು. ಅವನೂ ನಕ್ಕನೋ ಏನೋ, ಆ ಮುಖದಲ್ಲಿ ಗೊತ್ತಾಗಲಿಲ್ಲ. ನಾನು ಅಲ್ಲೇ ಆರಿಸಿದ ಹೊಸ ಕೃಷ್ಣನ ತಲೆಗೆ ತಾನೇ ಕಿರೀಟ ಕಟ್ಟಿದ. ಪದ್ಯದಲ್ಲಿ ಎಲ್ಲಿ ಉಸಿರು ಹಿಡಿಯಬೇಕೆಂದು ಅವನಿಗೆ ಹೇಳಿಕೊಟ್ಟು ಹೊರಟುಹೋದ. ಮತ್ತೆ ತಾಲೀಮಿಗೆ ಬರಲಿಲ್ಲ. ಮರುವರ್ಷ ತೀರಿಕೊಂಡ.

ಇವತ್ತು ಅವನ ಹೆಸರು ಬರೆದು ಕ್ಷಮೆ ಕೇಳಬೇಕೆಂದೇ ಕೂತೆ. ಮೊದಲ ಅಕ್ಷರ ಬರೆದು ಹೊಡೆದುಹಾಕಿದೆ. ಅವನ ಹೆಂಡತಿ ಓದಿ ನೊಂದುಕೊಳ್ಳಬಾರದೆಂದೋ, ನಾನು ಸಿಕ್ಕಿಬೀಳಬಾರದೆಂದೋ, ತಿಳಿಯುತ್ತಿಲ್ಲ.