ಭಾವನ ಬಳ್ಳಿ ಕಷಾಯ

ಕಳೆದ ಭಾನುವಾರ ಈ ಪರದೇಶದ ನಮ್ಮೂರಿನ ಏವನ್‌ಡೇಲ್ ಸಂತೆಯಲ್ಲಿ ಮೆಂತ್ಯಸೊಪ್ಪು ಆರಿಸುತ್ತಿದ್ದಾಗ ಪಕ್ಕದ ಅಂಗಡಿಯ ಹೊಗೆ ಬಂದು ಮೂಗಿಗೆ ಬಡಿಯಿತು. ಪೆರು ದೇಶದ ಯಾವುದೋ ಮರದ ಚಕ್ಕೆಯಂತೆ. ಮನೆಯಲ್ಲಿ ಹಚ್ಚಿದರೆ ಕೆಟ್ಟ ಶಕ್ತಿಗಳು ಓಡಿಹೋಗುತ್ತವಂತೆ. ಮಾರುತ್ತಿದ್ದ ಗಡ್ಡದವನು ಇದನ್ನು ಕಣ್ಣು ಅರ್ಧ ಮುಚ್ಚಿಕೊಂಡೇ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ, ಇಲ್ಲಿಂದ ಕಾರಿನಲ್ಲಿ ಒಂದು ದಿನದ ದಾರಿಯ ಪಾಮರ್ಸ್ಟನ್ ನಾರ್ತ್‌ನಲ್ಲಿ ನಮ್ಮಕ್ಕನ ಮನೆಯ ಕರ್ಟನ್ನುಗಳಿಗೆಲ್ಲ ಅದು ಅಂಟಿಕೊಂಡಿತ್ತು. ಆಗ ಮನೆ ಬಿಟ್ಟು ಓಡಲು ಹೊರಟಿದ್ದವಳು ಅಕ್ಕ.

ಭಾವ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನಿ. ಎರೆಹುಳುವಿನ ವಿಷಯ ತೆಗೆದರೆ ಕೈಯಲ್ಲಿರುವ ತುತ್ತನ್ನೂ ಮರೆಯುವವರು. ದಕ್ಷಿಣ ಅಮೆರಿಕಕ್ಕೆ ಸಮ್ಮೇಳನಕ್ಕೆಂದು ಹೋದವರು, ಜೊತೆಯವನೊಬ್ಬನ ಮಾತು ಕೇಳಿ ಪೆರುವಿನ ಕಾಡು ಹೊಕ್ಕು ಆಯಾವಾಸ್ಕಾ ಎಂಬ ಬಳ್ಳಿಯ ಕಷಾಯ ಕುಡಿದರು. ಅದನ್ನು ಕುಡಿದರೆ ಮೊದಲು ವಾಂತಿ, ಆಮೇಲೆ ದರ್ಶನ. ನೆಗಡಿಗೆ ಅಕ್ಕ ಮಾಡಿಕೊಟ್ಟ ಶುಂಠಿ ಕಷಾಯವನ್ನು ಖಾರವೆಂದು ಸಿಂಕಿಗೆ ಸುರಿಯುತ್ತಿದ್ದ ಮನುಷ್ಯ ಇವರೇ.

ಆ ಮರದ ಚಕ್ಕೆಯ ಕಟ್ಟಿನೊಂದಿಗೆ ವಾಪಸು ಬಂದವರೇ ಎಲ್ಲರನ್ನೂ ಕ್ಷಮಿಸತೊಡಗಿದರು. ತಮ್ಮ ವಿಭಾಗದ ಮುಖ್ಯಸ್ಥರನ್ನು, ಪಕ್ಕದ ಮನೆಯ ನಾಯಿಯನ್ನು, ಫೋನ್ ಮಾಡಿ ನನ್ನನ್ನೂ ಕ್ಷಮಿಸಿದರು. ಅಕ್ಕನ ಸರದಿ ಬಂದದ್ದು ಗೆಳೆಯರ ಮುಂದೆ, ಅವಳು ಬಿಸಿಬೇಳೆ ಬಾತ್ ಬಡಿಸುತ್ತಿದ್ದಾಗ.

“ನಿನ್ನನ್ನ ಪೂರ್ತಿ ಕ್ಷಮಿಸಿಬಿಟ್ಟಿದೀನಿ ಕಣೇ.”

“ನಾನೇನ್ರೀ ಮಾಡಿದ್ದೆ?” ಎಂದಳು ಅಕ್ಕ. ಅದಕ್ಕೆ ಅವರು ಮುಗುಳ್ನಕ್ಕರಂತೆ. ಆ ಮುಗುಳ್ನಗೆಯನ್ನು ಆಮೇಲೆ ನಾನೂ ನೋಡಿದೆ. ನೀವು ನೋಡಿದ್ದರೆ ಸೌಟು ಎತ್ತಿಬಿಡುತ್ತಿದ್ದಿರಿ.

ನಮ್ಮ ಕನ್ನಡದ ಜನ ಇನ್ನೂ ಒಂದು ಕೈ ಮೇಲು. ಬೇರೆಯವರಾಗಿದ್ದರೆ ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರು. ನಮ್ಮವರು ಬಾಳೆಹಣ್ಣು ತಂದರು. ದರ್ಶನವಾದವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ! ದೊಡ್ಡ ದೊಡ್ಡ ಡಿಗ್ರಿಯ ಇಂಜಿನಿಯರುಗಳು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಸರ್, ನಮ್ ಪಿಆರ್ ಯಾವಾಗ ಆಗುತ್ತೆ?” ಎಂದು ಕೇಳಿದರು. ಈ ದೇಶದಲ್ಲಿ ಕಾಯಂ ವಾಸದ ಅನುಮತಿ ಕೊಡುವುದು ಇಮಿಗ್ರೇಷನ್‌ನವರು, ಪೆರುವಿನ ಬಳ್ಳಿಯಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಭಾವ ಕಣ್ಣು ಮುಚ್ಚಿ “ಎಲ್ಲಾ ಒಂದೇ” ಎಂದರೆ, “ಅಂದ್ರೆ ಈ ವರ್ಷಾನೇ ಅಂತೆ” ಎಂದು ಹೆಂಡತಿಗೆ ಪಿಸುಗುಟ್ಟಿದ ಮಹಾನುಭಾವನೂ ಇದ್ದ. ಬಂದವರಿಗೆಲ್ಲ ಕಾಫಿ ಮಾಡುವವಳು ಅಕ್ಕ. ಮಗಳು ಅನನ್ಯ ಬಾಗಿಲಲ್ಲಿ ನಿಂತು, “ಮಮ್, ಡ್ಯಾಡ್ ಈಸ್ ಬೀಯಿಂಗ್ ಸೋ ವಿಯರ್ಡ್” ಎಂದಳಂತೆ. ಆ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೇ.

“ಮಗೂನ ಕರ್ಕೊಂಡು ನಿಮ್ಮನೇಗೆ ಬಂದ್ಬಿಡ್ತೀನಿ ಕಣೇ, ನಂಗೆ ಸಾಕಾಗೋಯ್ತು” ಎಂದು ಅಕ್ಕ ಫೋನಿನಲ್ಲಿ ಅತ್ತ ದಿನ ನಾನು ಆಲ್ಬನಿಯ ನಮ್ಮ ಮನೆಯಿಂದ ಕಾರು ಹತ್ತಿದೆ. ಅವಳದು ಒಂದೇ ಷರತ್ತು: ಭಾವ ಯಾರಿಗಾದರೂ ತೋರಿಸಿಕೊಳ್ಳಬೇಕು, ಇಲ್ಲವಾದರೆ ಅವಳು ನನ್ನ ಜೊತೆ ಹೊರಡುವವಳೇ. ಅಕ್ಕನ ಊರಿನಲ್ಲೇ ಒಬ್ಬ ಥೆರಪಿಸ್ಟ್ ಇದ್ದರು. ಇಂಥದ್ದನ್ನು ಕುಡಿದು ಬಂದವರು ತಾವು ಕಂಡದ್ದನ್ನು ದಿನನಿತ್ಯದ ಬದುಕಿಗೆ ಹೊಂದಿಸಿಕೊಳ್ಳಲು ನೆರವಾಗುವುದು ಅವರ ಕೆಲಸವಂತೆ. ಹತ್ತಿಸುವುದಕ್ಕೊಬ್ಬರು, ಇಳಿಸುವುದಕ್ಕೊಬ್ಬರು ಎಂದುಕೊಂಡೆ. ಮನೆಯವರೂ ಬರಬಹುದು ಎಂದಿದ್ದರಿಂದ ಮೂವರೂ ಹೋದೆವು. ಗಂಟೆ, ಗರಿ, ಧೂಪ ಏನಾದರೂ ಇದ್ದೀತು, ಮನಸಾರೆ ನಗಬಹುದು ಎಂಬ ಆಸೆ ನನಗೆ. ಅಲ್ಲಿದ್ದದ್ದು ಉಣ್ಣೆಯ ಕಾರ್ಡಿಗನ್ ತೊಟ್ಟ, ಆಕಳಿಕೆ ತಡೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು, ಅಷ್ಟೇ.

ಭಾವ ಬ್ರಹ್ಮಾಂಡದಿಂದ ಶುರು ಮಾಡಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಿ ನಿಮಗೆ ಅಳು ಬಂತೇ? ಏನನ್ನು ನೋಡಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಭಾವ ಅಕ್ಕನ ಕಡೆ ನೋಡಿ ಕನ್ನಡದಲ್ಲೇ ಹೇಳಿದರು: “ನೀನು ಅಡಿಗೆಮನೇಲಿ ಒಬ್ಬಳೇ ನಿಂತ್ಕೊಂಡು ತಿಂತಾ ಇದ್ದೆ. ಆರಿ ಹೋಗಿರೋ ದೋಸೆ. ನಾನು ಕೂಗಿದ್ರೂ ತಿರುಗಿ ನೋಡಲಿಲ್ಲ.”

ಥೆರಪಿಸ್ಟ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗೇಲಿ ಮಾಡಲು ಹೋದವಳು ಒಂದೊಂದೇ ಪದ ಹುಡುಕಿ ಹೇಳಿದೆ. ಆಕೆ ಕೇಳಿದ್ದು ಇನ್ನೊಂದೇ ಪ್ರಶ್ನೆ: “ಹಾಗಾದರೆ ನಿನ್ನೆ ರಾತ್ರಿ ನಿಮ್ಮ ಹೆಂಡತಿ ಹೇಗೆ ಊಟ ಮಾಡಿದರು?”

ನಿನ್ನೆ ರಾತ್ರಿಯೂ ನಿಂತುಕೊಂಡೇ. ದೋಸೆ ಹುಯ್ಯುವವಳು ಎಲ್ಲರದೂ ಆದಮೇಲೆ ತಿನ್ನುವುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆಯೇ ಬಂದುಬಿಟ್ಟಿದೆ. ಸಕಲ ಜೀವರಾಶಿಯ ಏಕತೆಯನ್ನು ಊರಿಗೆಲ್ಲ ಸಾರಿದ ಮನುಷ್ಯ ಈ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮುಂದಿನ ಭೇಟಿಯವರೆಗೆ ದರ್ಶನದ ಬಗ್ಗೆ ಬಾಯಿ ಬಿಡಬೇಡಿ, ಇದೊಂದನ್ನು ಸರಿಮಾಡಿ ಎಂದು ಹೇಳಿ ಆಕೆ ನಮ್ಮನ್ನು ಕಳಿಸಿದರು.

ಅಂದು ಸಂಜೆ ಭಾವ ಒಲೆಯ ಮುಂದೆ ನಿಂತರು. ಮೊದಲನೆಯ ದೋಸೆ ಕಾವಲಿ ಬಿಟ್ಟು ಏಳಲಿಲ್ಲ. ಎರಡನೆಯದನ್ನು ಕೆರೆದು ತೆಗೆದರು. ಅಕ್ಕ ಯಾರದೋ ಮನೆಗೆ ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೊನೆಗೂ ಒಂದು ನೆಟ್ಟಗೆ ಬಂದು ತಟ್ಟೆಗೆ ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ.

“ಇಷ್ಟು ವರ್ಷ ನಿಮ್ ಕಣ್ಣೆದುರಿಗೇ ನಿಂತಿದ್ನಲ್ರೀ. ನನ್ನ ನೋಡೋಕೆ ಅಷ್ಟು ದೂರ ಹೋಗಿ ವಾಂತಿ ಮಾಡ್ಕೋಬೇಕಿತ್ತಾ?”

ಭಾವ ಈ ಸಲ ಮುಗುಳ್ನಗಲಿಲ್ಲ. “ತಪ್ಪಾಯ್ತು” ಎಂದರು. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾವಲಿಯ ಮೇಲಿನದು ಸೀಯುತ್ತಿತ್ತು. ಅಕ್ಕ ಮೂಗು ಒರೆಸಿಕೊಂಡು ಒಂದು ಚೂರು ಮುರಿದು ಬಾಯಿಗಿಟ್ಟಳು. “ಉಪ್ಪು ಕಮ್ಮಿ” ಎಂದಳು. ತಟ್ಟೆ ಖಾಲಿ ಮಾಡಿ, “ಇನ್ನೊಂದು ಹಾಕಿ” ಎಂದಳು. ಮಾರನೆಯ ದಿನ ನಾನು ಒಬ್ಬಳೇ ಆಲ್ಬನಿಗೆ ವಾಪಸಾದೆ.

ಮೊನ್ನೆ ಸಂತೆಯಲ್ಲಿ ಆ ಚಕ್ಕೆಯನ್ನು ನಾನು ಕೊಳ್ಳಲಿಲ್ಲ ಅನ್ನಿ. ಮನೆಗೆ ಬಂದರೆ ನನ್ನವರು ಟೇಬಲ್ಲಿನ ಮುಂದೆ ಫೋನು ಹಿಡಿದು ತಟ್ಟೆಗೆ ಕಾಯುತ್ತಿದ್ದರು. ಹಿಟ್ಟಿನ ಪಾತ್ರೆ ತೆಗೆದೆ, ಒಲೆ ಹಚ್ಚಿದೆ. ಆಗ ಹೊಳೆಯಿತು ನೋಡಿ: ಭಾವನ ಕತೆ ಹೇಳಿ ಹೇಳಿ ಊರನ್ನೆಲ್ಲ ನಗಿಸಿದ ನಾನು, ಈ ಎಲ್ಲ ವರ್ಷವೂ ಕೊನೆಯ ದೋಸೆಯನ್ನು ಇದೇ ಒಲೆಯ ಪಕ್ಕದಲ್ಲಿ ನಿಂತು ತಿಂದಿದ್ದೇನೆ.

ಸೌಟನ್ನು ಅವರ ಕೈಗೆ ಕೊಟ್ಟು ಅವರ ಕುರ್ಚಿಯಲ್ಲಿ ಕೂತೆ.

“ಇದೇನೇ ಇದು?”

“ನೀವು ಕಾಡಿಗೆಲ್ಲ ಹೋಗೋದು ಬೇಡ” ಎಂದೆ. “ಇಲ್ಲೇ ನೋಡಿ, ಕೂತಿದೀನಿ.”