ಬೆನ್ನು ತಿರುಗಿಸಿ ಕೂರುವ ಬೀಗದಕ್ಕ

ಬೆಳಗಿನ ಆರಕ್ಕೆ ಆ ಓಣಿಯಲ್ಲಿ ಎದ್ದಿರುವುದು ಒಂದು ಹಾಲಿನ ಗಾಡಿ, ಎರಡು ಬೆಕ್ಕು ಮತ್ತು ಬೀಗದಕ್ಕ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಗೆ ಷಟರ್ ಹಾಕಿಸಿದರೆ ಎಷ್ಟು ಅಂಗಡಿಯಾಗುತ್ತದೋ ಅಷ್ಟೇ ಅವರ ಅಂಗಡಿ. ಬಾಗಿಲ ಬಳಿ ನಿಲ್ಲಬಹುದು, ನಡುವೆ ಬಗ್ಗಬೇಕು, ಕೊನೆಯಲ್ಲಿ ಕೂರಲೇಬೇಕು. ಆ ಕೊನೆಯಲ್ಲೇ ಸ್ಟೂಲು. ಮುಂದೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಲ್ಯಾಪ್‌ಟಾಪು, ತಲೆಯ ಮೇಲೆ ಉದ್ದ ಕತ್ತಿನ ದೀಪ, ಬಾಯಲ್ಲಿ ಎರಡು ಸ್ಕ್ರೂ.

"ಎಂಟರ ಮೇಲೆ ಈ ಕೆಲಸ ಆಗಲ್ಲ," ಎನ್ನುತ್ತಾರೆ, ಸ್ಕ್ರೂಗಳನ್ನು ಅಂಗೈಗೆ ಉಗಿದು. "ಮೇಲೆ ಟ್ಯೂಷನ್ ಕ್ಲಾಸಿದೆ. ಮಕ್ಕಳು ಮೆಟ್ಟಿಲು ಹತ್ತೋಕೆ ಶುರು ಮಾಡಿದ್ರೆ ಅಷ್ಟೂ ಧೂಳು ಬಿಚ್ಚಿಟ್ಟ ಬೋರ್ಡ್ ಮೇಲೆ. ವಿದ್ಯೆ ಮೇಲಕ್ಕೆ ಹೋಗುತ್ತೆ, ಮಣ್ಣು ಕೆಳಕ್ಕೆ ಬರುತ್ತೆ."

ಅಂಗಡಿಯ ಮೇಲಿನ ಫಲಕದಲ್ಲಿ ಇನ್ನೂ 'ರೇಡಿಯೋ ರಿಪೇರಿ' ಎಂದೇ ಇದೆ. ಅದು ಅಪ್ಪನ ಕಾಲದ್ದು. ಬೆಸುಗೆ ಕಡ್ಡಿ ಹಿಡಿಯುವುದನ್ನು ಮಗಳು ಕಲಿತದ್ದು ಅವರ ಪಕ್ಕದಲ್ಲಿ ಕೂತೇ. ರೇಡಿಯೋ ಹೋಗಿ ಟೀವಿ, ಟೀವಿ ಹೋಗಿ ಕಂಪ್ಯೂಟರ್ ಬಂದವು. ಈಗ ದಿನಕ್ಕೆ ಎಂಟು ಹತ್ತು ಲ್ಯಾಪ್‌ಟಾಪುಗಳು ಬರುತ್ತವೆ, ಅವುಗಳಲ್ಲಿ ಎರಡಾದರೂ ಬೀಗ ಬಿದ್ದವು. ಹಾಗಾಗಿ ಓಣಿಯವರು ಇಟ್ಟ ಹೆಸರು ಬೀಗದಕ್ಕ. ಅವರಿಗೆ ಈ ಹೆಸರು ಹಿಡಿಸಿಲ್ಲ. "ಬೀಗ ಹಾಕೋರು ಊರೆಲ್ಲ, ಹೆಸರು ನನಗೆ."

ಲ್ಯಾಪ್‌ಟಾಪಿಗೆ ಎರಡು ಬೀಗ. ತೆರೆಯ ಮೇಲೆ ನಮ್ಮ ಹೆಸರು, ಚಿತ್ರ ಬಂದ ಮೇಲೆ ಕೇಳುವ ಪಾಸ್‌ವರ್ಡು ಎಲ್ಲರಿಗೂ ಗೊತ್ತು. ಅದು ಕೋಣೆಯ ಚಿಲಕ. ಇನ್ನೊಂದು ಅದಕ್ಕೂ ಮುಂಚಿನದು. ಯಂತ್ರ ಎಚ್ಚರಾಗಿ ತನ್ನ ಕೈಕಾಲು ಎಲ್ಲಿವೆ ಎಂದು ತಡವಿಕೊಳ್ಳುವ ಹೊತ್ತಿನ ಮೂಲ ಸೆಟ್ಟಿಂಗಿಗೆ ಹಾಕಿದ ಬೀಗ. ಪೇಟೆಯಲ್ಲಿ ಬಯಾಸ್ ಪಾಸ್‌ವರ್ಡ್ ಎನ್ನುತ್ತಾರೆ. ದಿನಬಳಕೆಗೆ ಅದು ಅಡ್ಡ ಬರುವುದಿಲ್ಲ. ಅಡ್ಡ ಬಾರದ್ದನ್ನು ಯಾರು ನೆನಪಿಡುತ್ತಾರೆ? ಇಟ್ಟವರು ಮರೆಯುತ್ತಾರೆ, ಮಾರುವಾಗ ಹೇಳುವುದಿಲ್ಲ, ಕೊಂಡವರು ಬೇರೆ ವಿಂಡೋಸ್ ಹಾಕಲು ಹೊರಟ ದಿನ ಹಣೆ ಹಣೆ ಬಡಿದುಕೊಳ್ಳುತ್ತಾರೆ.

"'ಬ್ಯಾಟರಿ ಕಿತ್ತರೆ ಹೋಗುತ್ತಂತಲ್ಲ ಅಕ್ಕಾ, ವಿಡಿಯೋದಲ್ಲಿ ನೋಡ್ದೆ' ಅಂತ ಬರ್ತಾರೆ. ತುಂಬ ಹಳೇವಕ್ಕೆ ಹೋಗ್ತಿತ್ತು. ಈ ಆಫೀಸು ಲ್ಯಾಪ್‌ಟಾಪುಗಳಲ್ಲಿ ಅದು ಬೇರೆ ಚಿಪ್ಪಲ್ಲಿ ಕೂತಿರುತ್ತೆ. ಬ್ಯಾಟರಿ ಕಿತ್ತರೆ ತಾರೀಖು ಮರೆಯುತ್ತೆ, ಪಾಸ್‌ವರ್ಡ್ ಮರೆಯಲ್ಲ. ಮನುಷ್ಯರಿಗೆ ಉಲ್ಟಾ." ತಯಾರಿಸಿದ ಕಂಪನಿಗೆ ಫೋನು ಮಾಡಿದರೆ ಅವರು ಮೊದಲ ಖರೀದಿಯ ರಸೀದಿ ಕೇಳುತ್ತಾರೆ. ಮೂರು ಕೈ ದಾಟಿ ಬಂದ ಲ್ಯಾಪ್‌ಟಾಪಿನ ರಸೀದಿ ಹುಡುಕುವುದಕ್ಕಿಂತ ಹೊಳೆಯಲ್ಲಿ ತೊಳೆದ ಹುಣಸೆಹಣ್ಣು ಹುಡುಕುವುದು ಸುಲಭ. ಕೊನೆಗೆ ಉಳಿಯುವುದು ಆ ಚಿಪ್ಪನ್ನೇ ಬಿಸಿಮಾಡಿ ಎತ್ತಿ, ಒಳಗಿದ್ದದ್ದನ್ನು ಅಳಿಸಿ, ಮತ್ತೆ ಕೂರಿಸುವ ದಾರಿ. ಬೀಗದಕ್ಕನಿಗೆ ಅದು ಬರುತ್ತದೆ. ಹಳೆಯ ಬೋರ್ಡುಗಳು ಆ ಕಾವಿಗೆ ಆಗೀಗ ಪ್ರಾಣ ಬಿಡುವುದೂ ಗೊತ್ತಿದೆ.

ಹಿಂದೊಮ್ಮೆ ಕದ್ದ ಲ್ಯಾಪ್‌ಟಾಪೊಂದನ್ನು ತಿಳಿಯದೆ ತೆರೆದುಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. "ಕಳ್ಳ ಸಿಗಲೇ ಇಲ್ಲ. ನಾನು ಸಿಕ್ಕಿದೆ, ಅಂಗಡಿಗೆ ಬೋರ್ಡಿತ್ತಲ್ಲ." ಅಂದಿನಿಂದ ಅವರದು ಎರಡು ಕಟ್ಟುನಿಟ್ಟು. ಬೀಗ ಇಟ್ಟವರೇ ಅಂಗಡಿಗೆ ಬಂದು ಒಮ್ಮೆ ಪ್ರಯತ್ನಿಸಬೇಕು. ಅವರು ಒತ್ತುವಾಗ ಬೀಗದಕ್ಕ ಸ್ಟೂಲಿನ ಮೇಲೆಯೇ ಗಿರಕಿ ಹೊಡೆದು, ಬೆನ್ನು ತಿರುಗಿಸಿ, ಗೋಡೆಯ ಗೂಡಿನಲ್ಲಿರುವ ಅಪ್ಪನ ರೇಡಿಯೋ ನೋಡುತ್ತ ಕೂರುತ್ತಾರೆ. "ನೋಡದೇ ಇದ್ದದ್ದನ್ನ ನಾಳೆ ಯಾರೂ ನನ್ನ ಕೇಳೋ ಹಾಗಿಲ್ಲ."

ಈ ಬೆಳಿಗ್ಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವುದು ಲೈಬ್ರರಿ ಸಾರ್ ಮಾರಿದ ಲ್ಯಾಪ್‌ಟಾಪು. ಲೈಬ್ರರಿ ಸಾರ್ ನಿವೃತ್ತ ಗ್ರಂಥಪಾಲಕರು, ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕುರ್ಚಿಯಿಂದ ಏಳದೆ ಹೇಳುತ್ತಿದ್ದವರು. ಕೊಂಡಾಕೆ ಅವರ ಬೀದಿಯವಳೇ, ಕಸೂತಿ ಯಂತ್ರ ಇಟ್ಟುಕೊಂಡಿರುವ ದರ್ಜಿ. ಆಕೆಯ ಹಳೆಯ ಯಂತ್ರ ಹಳೆಯ ವಿಂಡೋಸ್ ಜತೆ ಮಾತ್ರ ಮಾತಾಡುತ್ತದೆ. ಅದನ್ನು ಪೆನ್‌ಡ್ರೈವಿನಿಂದ ಹಾಕಲು ಹೊರಟಾಗ ಮೂಲ ಸೆಟ್ಟಿಂಗ್ ಪಾಸ್‌ವರ್ಡ್ ಕೇಳಿದೆ. ಸಾರ್ ತಾವು ಇಟ್ಟ ಪಾಸ್‌ವರ್ಡ್ ಹೇಳಿದ್ದಾರೆ. ತಪ್ಪು. ಈ ವಾರ ಎರಡು ಸಲ ಅಂಗಡಿಗೆ ಬಂದು ಖುದ್ದಾಗಿ ಒತ್ತಿದ್ದಾರೆ. ಮೂರು ತಪ್ಪಾದ ಮೇಲೆ ಯಂತ್ರ ಕಿರ್ರೆಂದು ಬಾಯಿ ಮುಚ್ಚಿಕೊಂಡಿದೆ, ಎರಡು ಸಲವೂ.

"ಮರೆತಿದೀರಿ ಸಾರ್, ಒಪ್ಕೊಳ್ಳಿ," ಎಂದು ಬೀಗದಕ್ಕ ಮೊನ್ನೆಯೇ ಹೇಳಿ ಮುಗಿಸಿದ್ದರು. ಅವರ ಹೆಂಡತಿಯೂ ಫೋನಿನಲ್ಲಿ ಅದನ್ನೇ ಹೇಳಿದ್ದರು: "ಸುಮ್ಮನೆ ತೆಗೆದುಬಿಡಮ್ಮಾ. ಈಚೆಗೆ ಅವರಿಗೆ ಏನೂ ನೆನಪಿರಲ್ಲ. ಭಾನುವಾರ ಮಗಳು ಬರ್ತಾಳೆ, ಇನ್ನು ಓಡಿಸೋದು ಬೇಡ ಅಂತ ಸ್ಕೂಟರ್ ಕೀ ಇಸ್ಕೊಂಡು ಹೋಗ್ತಾಳೆ."

ಆದ್ದರಿಂದ ಇಂದು ಚಿಪ್ಪು ಎತ್ತುವುದೆಂದು ತೀರ್ಮಾನವಾಗಿದೆ. ಸೋಮವಾರ ಶಾಲೆ ತೆರೆಯುತ್ತದೆ, ದರ್ಜಿಯ ಮನೆಯಲ್ಲಿ ಶಾಲೆಯ ಲಾಂಛನದ ಕಸೂತಿಗೆ ಕಾದ ಅಂಗಿಗಳು ಎದೆಯೆತ್ತರ ಬಿದ್ದಿವೆ. ಬಿಸಿಗಾಳಿಯ ಗನ್ನು ಕಾಯುತ್ತಿರುವಾಗಲೇ ಷಟರಿನ ಕೆಳಗಿಂದ ಒಂದು ಹೆಲ್ಮೆಟ್ ತೂರಿ ಬರುತ್ತದೆ. ಹೆಲ್ಮೆಟಿನ ಒಳಗೆ ಲೈಬ್ರರಿ ಸಾರ್.

"ನಿಲ್ಲಿಸಮ್ಮಾ. ಇನ್ನೊಂದು ಸಲ."

"ಸಾರ್, ಮನೇಲಿ ಹೇಳಿ ಬಂದಿದೀರಾ?"

"ವಾಕಿಂಗ್ ಅಂತ ಹೇಳಿದೀನಿ."

"ಹೆಲ್ಮೆಟ್ ಹಾಕ್ಕೊಂಡು ವಾಕಿಂಗಾ?" ಎಂದು ಬಾಗಿಲ ಬಳಿ ನಿಂತ ದರ್ಜಿ ಕೇಳುತ್ತಾಳೆ.

ಸಾರ್ ಹೆಲ್ಮೆಟ್ ತೆಗೆದು ಸತ್ತ ಬೋರ್ಡುಗಳ ರಾಶಿಯ ಮೇಲಿಟ್ಟು, ಬಗ್ಗಿ ಒಳಗೆ ಬಂದು ಕೂರುತ್ತಾರೆ. "ನೋಡಮ್ಮಾ, ಚಿಪ್ಪು ಅಳಿಸಿದ ಮೇಲೆ ನಾನು ಸರಿ ಇದ್ದೆನಾ, ತಪ್ಪಿದ್ದೆನಾ ಅನ್ನೋದು ಯಾರಿಗೂ ಗೊತ್ತಾಗಲ್ಲ. ನಾನು ಮರೆತೆ ಅನ್ನೋದೇ ಖಾಯಂ ಆಗುತ್ತೆ. ಆ ಪಾಸ್‌ವರ್ಡ್ ಇಟ್ಟವನು ನಾನು. ಅಳಿಯ ಬಂದಾಗಲೆಲ್ಲ ಒಳಗೆ ಕೈಯಾಡಿಸಿ ಹಾಳು ಮಾಡ್ತಿದ್ದ, ಅದಕ್ಕೇ ಇಟ್ಟೆ."

"ಅಳಿಯನಿಗೆ ಇಟ್ಟಿದ್ದು ಮಾವನಿಗೇ ಬಂತು," ಎಂದು ಬೀಗದಕ್ಕ ನಿಟ್ಟುಸಿರು ಬಿಟ್ಟು, ಗನ್ನು ಆರಿಸಿ, ತಂತಿಗಳನ್ನೆಲ್ಲ ಮತ್ತೆ ಸಿಕ್ಕಿಸುತ್ತಾರೆ. ತೆರೆಯ ಮೇಲೆ ಆ ನೀಲಿ ಚೌಕ ಬರುತ್ತದೆ. ಸಾರ್ ಎಡಗೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿಯುತ್ತಾರೆ. ಬೀಗದಕ್ಕ ಗಿರಕಿ ಹೊಡೆದು ರೇಡಿಯೋ ನೋಡುತ್ತಾರೆ.

ಟಕ ಟಕ ಟಕ. ತಪ್ಪು. ಮತ್ತೆ. ತಪ್ಪು.

"ತಡೀರಿ," ಎನ್ನುತ್ತಾರೆ ಬೀಗದಕ್ಕ ಗೋಡೆಗೆ. "ಒಂದು ಅಕ್ಷರದ ಮೇಲೆ ನಿಮಗ್ಯಾಕೆ ಅಷ್ಟು ಸಿಟ್ಟು?"

"ಯಾವ ಅಕ್ಷರ?"

"ನನಗೇನು ಗೊತ್ತು? ಟಕ ಟಕ ಅಂತ ಹೋಗ್ತೀರಿ, ಮಧ್ಯೆ ಒಂದು ಕಡೆ ಧಡ್ ಅಂತ ಗುದ್ದುತೀರಿ. ಎರಡು ಸಲಾನೂ ಅದೇ ಜಾಗ."

"ಓ, ಅದಾ. ಅಭ್ಯಾಸ. ಹಳೇ ಕೀಬೋರ್ಡಲ್ಲಿ ಆ ಕೀ ಒಂದು ಸುಮ್ಮನೆ ಒತ್ತಿದ್ರೆ ಬೀಳ್ತಿರಲಿಲ್ಲ. ಗುದ್ದಬೇಕಿತ್ತು."

"ಹಳೇ ಕೀಬೋರ್ಡಾ?"

"ನೀನೇ ತಾನೇ ಬದಲಾಯಿಸಿಕೊಟ್ಟಿದ್ದು, ಹೋದ ವರ್ಷ."

ಬೀಗದಕ್ಕ ಗೋಡೆಯತ್ತಲೇ ಮುಖ ಮಾಡಿ ಕೇಳುತ್ತಾರೆ: "ಪಾಸ್‌ವರ್ಡ್ ಇಟ್ಟಾಗಲೂ ಗುದ್ದಿದ್ರಾ?"

"ಇಲ್ಲಪ್ಪ. ಆಗ ಅದು ಕೆಟ್ಟಿದೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಕಾಗದ ಬರೆಯೋವಾಗ ಅಕ್ಷರ ಹಾರಿಹೋಗೋದು ಕಾಣಿಸ್ತು. ಪಾಸ್‌ವರ್ಡಲ್ಲಿ ಬರೀ ಚುಕ್ಕಿ ತಾನೇ ಬರೋದು? ಚುಕ್ಕಿ ಯಾರು ಎಣಿಸ್ತಾರೆ?"

"ಅಯ್ಯೋ ನನ್ನ ಕರ್ಮವೇ," ಎಂದು ಬೀಗದಕ್ಕ ಮೆಲ್ಲಗೆ, ಯಾರನ್ನೂ ಉದ್ದೇಶಿಸದೆ ಹೇಳುತ್ತಾರೆ. "ಆ ಅಕ್ಷರ ಬಿಟ್ಟು ಒತ್ತಿ ಸಾರ್."

"ಬಿಟ್ಟರೆ ಅದಕ್ಕೆ ಅರ್ಥವೇ ಇರಲ್ಲ."

"ಅರ್ಥ ಆಮೇಲೆ ನೋಡೋಣ. ಒಂದೇ ಸಲ ಉಳಿದಿರೋದು, ಬಿಟ್ಟು ಒತ್ತಿ."

ಟಕ ಟಕ, ಒಂದು ತಡವರಿಕೆ, ಟಕ ಟಕ. ಕಿರ್ರೆನ್ನುವುದಿಲ್ಲ. ದರ್ಜಿ ಬಾಗಿಲಿನಿಂದ ಕತ್ತು ಚಾಚಿ, "ಅಕ್ಕಾ, ಏನೇನೋ ಪಟ್ಟಿ ಬಂತು," ಎಂದ ಮೇಲೆಯೇ ಬೀಗದಕ್ಕ ಇತ್ತ ತಿರುಗುವುದು. ಮೂಲ ಸೆಟ್ಟಿಂಗು ತೆರೆದುಕೊಂಡಿದೆ, ಇಷ್ಟು ದಿನ ಏನೂ ಆಗೇ ಇಲ್ಲವೆಂಬಂತೆ.

ಲೈಬ್ರರಿ ಸಾರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಒರೆಸುತ್ತಲೇ ಇರುತ್ತಾರೆ. "ನಾನು ಮರೆತಿರಲಿಲ್ಲ."

"ಇಲ್ಲ. ಇಟ್ಟ ದಿನ ಒಂದಕ್ಷರ ಬೀಳಲಿಲ್ಲ, ಅಷ್ಟೇ. ನಾನು ಒಳ್ಳೇ ಕೀಬೋರ್ಡ್ ಹಾಕಿ ನಿಮ್ಮನ್ನ ಹೊರಗೆ ನಿಲ್ಲಿಸಿದೆ. ಆಮೇಲೆ ಮರೆವು ಅಂತ ನಿಮಗೇ ಬೈದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ನಾನು ಮಾಡಿದ್ದನ್ನ ನೀವು ಉಂಡಿರಿ."

"ಇದನ್ನ ನಮ್ಮನೇಲಿ ಸ್ವಲ್ಪ ಹೇಳ್ತೀಯಾ?"

ಬೀಗದಕ್ಕ ಅಲ್ಲೇ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಸಾವಧಾನವಾಗಿ ವಿವರಿಸುತ್ತಾರೆ. ಆ ಕಡೆಯಿಂದ ಹೆಂಡತಿಯ ದನಿ: "ಸರಿ. ಹಾಗಾದ್ರೆ ಮೊನ್ನೆ ಒಲೆ ಆರಿಸದೆ ಬಂದು ಮಲಗಿದ್ದು ಯಾರ ಕೀಬೋರ್ಡಿನಿಂದ?"

"ಅದು ಬೇರೆ ವಿಷಯ ಕಣೇ," ಎನ್ನುತ್ತಾರೆ ಸಾರ್. ಆದರೆ ದನಿಯಲ್ಲಿ ವಾರದಿಂದ ಇಲ್ಲದ ಗತ್ತಿದೆ. ಭಾನುವಾರ ಮಗಳ ಮುಂದೆ ಹೇಳಲು ಒಂದಾದರೂ ಮಾತು ಸಿಕ್ಕಿತು. ಪಾಸ್‌ವರ್ಡನ್ನು ತಾವೇ ತೆಗೆದುಹಾಕಿ, ದರ್ಜಿಯ ತಲೆ ಸವರಿ, ಬಗ್ಗಿ ಹೊರಗೆ ಹೋಗುತ್ತಾರೆ. ಸ್ಕೂಟರು ಮೊದಲ ಒದೆತಕ್ಕೇ ಶುರುವಾಗುತ್ತದೆ.

ಬೀಗದಕ್ಕ ಲ್ಯಾಪ್‌ಟಾಪಿನ ಹೊಟ್ಟೆ ಮುಚ್ಚಲು ಸ್ಕ್ರೂಗಳನ್ನು ಮತ್ತೆ ಬಾಯಿಗಿಟ್ಟುಕೊಳ್ಳುತ್ತಾರೆ. ಈ ಕೆಲಸದಿಂದ ಬೇಸತ್ತಿಲ್ಲವೇ ಎಂದರೆ ಅವುಗಳ ಸಂದಿಯಿಂದಲೇ ಉತ್ತರ ಬರುತ್ತದೆ: "ಬೇಸತ್ತಿದೀನಿ. ಆಸೆ ಒಂದೇ. ಮಾರೋರು ಬೀಗ ತೆಗೆದು ಮಾರ್ಲಿ. ಆಮೇಲೆ ನಾನು ಅಪ್ಪನ ರೇಡಿಯೋ ಸರಿಮಾಡ್ಕೊಂಡು ಕೂತಿರ್ತೀನಿ. ರೇಡಿಯೋ ಯಾರನ್ನೂ ನೀನ್ಯಾರು ಅಂತ ಕೇಳಲ್ಲ."

"ಅಕ್ಕಾ," ಎಂದು ದರ್ಜಿ ಬೋರ್ಡುಗಳ ರಾಶಿಯತ್ತ ಕಣ್ಣು ಹಾಯಿಸುತ್ತಾಳೆ. ರಾಶಿಯ ಮೇಲೆ ಹೆಲ್ಮೆಟ್ ಕೂತಿದೆ.

ಬೀಗದಕ್ಕ ಸ್ಕ್ರೂ ಉಗಿದು, ಹೆಲ್ಮೆಟ್ ಎತ್ತಿಕೊಂಡು, ಸೆರಗು ಸಿಕ್ಕಿಸಿ ಓಡುತ್ತಾರೆ. ಓಣಿಯ ತುದಿಯಲ್ಲಿ ತಳ್ಳುಗಾಡಿಯೊಂದು ಅಡ್ಡ ನಿಂತಿರುವುದು ಅದೃಷ್ಟ. ಸಾರ್ ಅದರ ಹಿಂದೆ ಹಾರ್ನ್ ಹೊಡೆಯುತ್ತ ಸಿಕ್ಕಿಬಿದ್ದಿದ್ದಾರೆ. ಏನೋ ಮಾತಾಗುತ್ತದೆ. ಸಾರ್ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಬೀಗದಕ್ಕ ಏದುಸಿರು ಬಿಡುತ್ತ ವಾಪಸು ಬರುತ್ತಾರೆ.

"ಏನಂದ್ರು?"

"ಬೇಕಂತಲೇ ಬಿಟ್ಟು ಹೋಗಿ, ನನಗೆ ನೆನಪಿರುತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿದ್ರಂತೆ."

ದರ್ಜಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ. ಮೇಲೆ ಮೊದಲ ಜೋಡಿ ಕಾಲುಗಳು ದಡದಡ ಮೆಟ್ಟಿಲೇರುತ್ತವೆ. ಬೀಗದಕ್ಕ ಬಟ್ಟೆಯೊಂದನ್ನು ಎಳೆದು ಲ್ಯಾಪ್‌ಟಾಪಿನ ಮೇಲೆ ಹೊದಿಸುತ್ತಾರೆ.

"ನಗಬೇಡ. ಖುಷೀಲಿ ಮರೆತದ್ದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ. "ನಿಮ್ಮ ಬೀದೀಲಿ ಹೆಲ್ಮೆಟ್ ಸುದ್ದಿ ಎತ್ತಬೇಡ. ಯಾರಾದ್ರೂ ಕೇಳಿದ್ರೆ ಪಾಸ್‌ವರ್ಡ್ ಸರಿ ಇತ್ತು ಅನ್ನು. ಅದು ನಿಜ ತಾನೇ? ನನ್ನ ಕಿವಿಯಾರೆ ಕೇಳಿದೀನಿ."